ಗಾಣದ ಮೇಲಿನ ಹಡಗು

ನಮ್ಮ ಜಗಳೂರಿನಲ್ಲಿ ಒಂದು ಬೇಸಿಗೆಯೆಲ್ಲ ಹಡಗು ನಿಂತಿತ್ತು ಅಂದರೆ ನಗುವವರೇ ಹೆಚ್ಚು. ನಗಲಿ ಬಿಡಿ. ಮಳೆಗಾಲದಲ್ಲೇ ಎಮ್ಮೆ ಮುಳುಗುವಷ್ಟು ನೀರು ನಿಲ್ಲದ ಊರಿನಲ್ಲಿ ಹಡಗಿಗೇನು ಕೆಲಸ ಎಂದು ಅವರು ಕೇಳಬಹುದು. ಆದರೆ ನಿಂತದ್ದು ನಿಂತಿತ್ತು. ನಿಂತಿತ್ತು ಅನ್ನುವುದೂ ಪೂರ್ತಿ ನಿಜವಲ್ಲ, ತಿರುಗುತ್ತಿತ್ತು. ಅದನ್ನು ಮೊದಲಿಂದ ಕೊನೆಯವರೆಗೆ ಕಣ್ಣಾರೆ ಕಂಡವನು ನಾನೊಬ್ಬನೇ. ಹಡಗಿನ ಯಜಮಾನರಾದ ಶೇಂಗಾ ವ್ಯಾಪಾರಿ ಮರುಳಪ್ಪನವರ ಹಿತ್ತಿಲಿಗೂ ನನ್ನ ಹಿತ್ತಿಲಿಗೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಮಣ್ಣಿನ ಗೋಡೆ ಅಷ್ಟೆ. ಬೇರೆಯವರು ಹೇಳುವುದೆಲ್ಲ ಬುರುಡೆ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ ಇದು ನಡೆದದ್ದು. ಯುದ್ಧಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ, ವರ್ಷ ನೆನಪಿರಲಿ ಅಂತ ಹೇಳಿದೆ.

ಮರುಳಪ್ಪನವರು ಕೆಟ್ಟವರಲ್ಲ. ಅವರ ಬಾಯಿ ಮಾತ್ರ ಅವರ ಮಾತು ಕೇಳುತ್ತಿರಲಿಲ್ಲ. ಸಂತೆಯಲ್ಲಿ ಯಾರಾದರೂ ನಮ್ಮ ಕಡೆ ಎತ್ತು ದೊಡ್ಡವು ಅಂದರೆ ಇವರು ನಮ್ಮ ಕಡೆ ಕರುಗಳೇ ಅಷ್ಟಿರುತ್ತವೆ ಅನ್ನುವರು. ಅಂದ ಮೇಲೆ ಅಂಥ ಕರು ತೋರಿಸಬೇಕಾಗಿ ಬಂದರೆ ಸಂತೆಯಿಂದ ಹಿಂದಿನ ದಾರಿ ಹಿಡಿದು ಮನೆ ಸೇರುವರು. ಹೆಂಡತಿ ಕೊಟ್ರಮ್ಮ ಇದಕ್ಕೆ ತದ್ವಿರುದ್ಧ. ಆಕೆ ಮಾತಾಡಿದರೆ ಎಣ್ಣೆ ಅಳೆದ ಹಾಗೆ, ಒಂದು ಹನಿ ಆಚೆ ಇಲ್ಲ ಈಚೆ ಇಲ್ಲ. ಇಬ್ಬರಿಗೂ ಒಬ್ಬಳೇ ಮಗಳು ರುದ್ರಾಣಿ. ಅವಳನ್ನು ಹೊನ್ನಾಳಿಗೆ ಕೊಟ್ಟಿದ್ದರು. ಆ ವರ್ಷ ಅವಳು ಬಸುರಿ, ಚೊಚ್ಚಿಲು.

ಚೊಚ್ಚಿಲ ಬಾಣಂತನ ತವರಿನದು. ಇದು ನಮ್ಮ ಕಡೆ ಯಾರೂ ಮುರಿಯದ ಮಾತು. ಮೊದಲ ಹೆರಿಗೆಗೆ ಮಗಳನ್ನು ಕರೆತರಲಾಗದ ತಾಯಿ ಬಾವಿಕಟ್ಟೆಯಲ್ಲಿ ತಲೆಯೆತ್ತಿ ನೀರು ಸೇದುವಂತಿಲ್ಲ. ಕೊಟ್ರಮ್ಮ ಸಂಕ್ರಾಂತಿಯಿಂದಲೇ ಅಂಟಿನುಂಡೆಗೆ ಕೊಬ್ಬರಿ ಕೂಡಿಟ್ಟು, ಹಳೇ ಸೀರೆ ಹರಿದು ಮಗುವಿನ ಬಟ್ಟೆ ಮಾಡಿ, ಅಟ್ಟದ ಮೇಲಿದ್ದ ತೊಟ್ಟಿಲು ಇಳಿಸಿ ಅರಿಶಿನ ಹಚ್ಚಿ ಕೂತಿದ್ದರು. ಉಳಿದಿದ್ದದ್ದು ಮಗಳು ಬರುವುದೊಂದೇ.

ಯುಗಾದಿ ಕಳೆದ ಮೇಲೆ ಮರುಳಪ್ಪನವರು ಮಗಳನ್ನು ಕರೆತರಲು ಬಸ್ಸು ಹತ್ತಿದರು. ಬೀಗರು ನಾಗರಾಜಪ್ಪನವರು ಅಡಿಕೆ ವ್ಯಾಪಾರಿಗಳು. ಹೊನ್ನಾಳಿಯಲ್ಲಿ ಹೊಳೆಯ ದಂಡೆಗೇ ಅವರ ಮನೆ. ಮಧ್ಯಾಹ್ನ ಜಗಲಿಯ ಮೇಲೆ ಕೂತರೆ ತುಂಗಭದ್ರೆಯ ಮೇಲಿಂದ ತಣ್ಣನೆ ಗಾಳಿ ಬಂದು ಪಂಚೆಯ ಅಂಚು ಎತ್ತುತ್ತಿತ್ತು. ಊಟವಾಗಿ ಎಲೆ ಅಡಿಕೆ ಬಾಯಿಗೆ ಬಿದ್ದ ಮೇಲೆ ಬೀಗಿತಿ ನಿರ್ಮಲಮ್ಮನವರು ನಡುಮನೆಯ ಬಾಗಿಲಿಗೆ ಒರಗಿ ಮಾತು ತೆಗೆದರು. ಅವರದು ದೊಡ್ಡ ಮೈ, ದೊಡ್ಡ ದನಿ, ಸೆಕೆ ಅಂದರೆ ಪ್ರಾಣ ಹೋದಷ್ಟು ಭಯ.

“ಬಸುರಿ ಹುಡುಗೀನ ಈ ಬಿಸಿಲಾಗೆ ನಿಮ್ಮೂರಿಗೆ ಕಳಿಸಾಕೆ ಆಗಲ್ಲ ಬೀಗ್ರೆ. ಜಗಳೂರಿನ ಕಾಗೆಗಳೇ ನೆಳ್ಳು ಹುಡುಕ್ಕೊಂಡು ನಮ್ಮ ಹೊಳೆಗೆ ಬರ್ತಾವೆ. ಬಾಣಂತನ ಇಲ್ಲೇ ಆಗ್ಲಿ. ಅವರಮ್ಮ ಬಂದು ಮಗೂನ ನೋಡ್ಕೊಂಡು ಹೋಗ್ಲಿ.”

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿದು, ತಾಯಿ ಕಾಯುತ್ತಿದ್ದಾಳೆ, ಒಂದು ಮಳೆ ಬಿದ್ದ ಮೇಲಾದರೂ ಕಳಿಸಿ ಅನ್ನುತ್ತಿದ್ದರು. ಆದರೆ ಮರುಳಪ್ಪನವರಿಗೆ ಕಾಗೆಯ ಮಾತು ನಾಟಿಬಿಟ್ಟಿತು. ಊರಿನ ಮನುಷ್ಯರನ್ನು ಅಂದಿದ್ದರೆ ತಡೆದುಕೊಳ್ಳುತ್ತಿದ್ದರೋ ಏನೋ. ನಮ್ಮ ಮನೆಯಲ್ಲಿ ಹಡಗಿನ ಕೋಣೆ ಐತೆ ಎಂದುಬಿಟ್ಟರು.

ಹಾಗಂದರೇನು ಎಂದು ನಾಗರಾಜಪ್ಪನವರು ಕೇಳಿದರು. ಮರುಳಪ್ಪನವರು ನಮ್ಮೂರ ದರ್ಜಿ ಖಾಜಾಸಾಬರಿಂದ ಎಂದೋ ಕೇಳಿದ್ದ ಹಾಯಿ ಹಡಗಿನ ಸುದ್ದಿಯನ್ನೆಲ್ಲ ಬಿಚ್ಚಿದರು. ಬೀಸಣಿಗೆ ಬೇಡ, ಪಂಕ ಎಳೆಯುವವನು ಬೇಡ, ಗಾಳಿ ತಾನಾಗಿ ಮುಂದಿನ ಕಿಂಡಿಯಿಂದ ಒಳಗೆ ಬಂದು ಹಿಂದಿನ ಕಿಂಡಿಯಿಂದ ಹೊರಗೆ ಹೋಗುತ್ತದೆ. ಅಲ್ಲಿಗೆ ನಿಲ್ಲಿಸಿದ್ದರೂ ಬದುಕುತ್ತಿದ್ದರು. ವೈಶಾಖದ ಮಧ್ಯಾಹ್ನ ಕೂಡ ಕಂಬಳಿ ಹೊದ್ದು ಮಲಗುತ್ತೇವೆ ಎಂದು ಒಂದು ಕಂಬಳಿಯನ್ನು ಮೇಲೆ ಹೊದಿಸಿದರು.

ನಿರ್ಮಲಮ್ಮನವರು ಕಣ್ಣು ಸಣ್ಣ ಮಾಡಿ, ವೈಶಾಖದ ಅಕ್ಷತದಿಗೆ ಹಬ್ಬಕ್ಕೆ ನಾವೇ ಬಂದು ನೋಡುತ್ತೇವೆ, ಕಂಬಳಿ ಹೊದೆಯುವ ಹಾಗಿದ್ದರೆ ಸೊಸೆಯನ್ನು ಕಳಿಸುತ್ತೇವೆ, ಇಲ್ಲದಿದ್ದರೆ ಈ ಮಾತು ಮತ್ತೆ ಎತ್ತಬೇಡಿ ಎಂದರು.

ಹೋದ ಪುಟ್ಟ ಬಂದ ಪುಟ್ಟ ಅನ್ನುವ ಹಾಗೆ ಮರುಳಪ್ಪನವರು ಬರಿಗೈಯಲ್ಲಿ ಮನೆಗೆ ಬಂದರು. ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ಕೊಟ್ರಮ್ಮ ಗಂಡನ ಹಿಂದೆ ನೋಡಿದರು, ಪಕ್ಕದಲ್ಲಿ ನೋಡಿದರು, ಆರತಿ ಆರಿಸಿದರು. ಎಲ್ಲ ಕೇಳಿದ ಮೇಲೆ ಅವರು ಹೇಳಿದ್ದು ಇಷ್ಟು.

“ನಂಗೆ ಹಡಗು ಬ್ಯಾಡ, ಮಗಳು ಬೇಕು. ಹಡಗು ಮಾಡಿದ್ರೇನೇ ಮಗಳು ಬರ್ತಾಳೆ ಅಂದ್ರೆ ಹಡಗೇ ಮಾಡ್ರಿ. ಅಕ್ಷತದಿಗೆ ಒಳಗೆ ಆಗ್ಬೇಕು.”

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರೆ. ಮರುಳಪ್ಪನವರದು ಮಾತಿನ ಭಾಗ ಮುಗಿದಿತ್ತು. ತೂತಿನ ಭಾಗಕ್ಕೆ ಖಾಜಾಸಾಬರನ್ನು ಕರೆಸಿದರು.

ಖಾಜಾಸಾಬರು ವಯಸ್ಸಿನಲ್ಲಿ ಮಂಗಳೂರಿನಿಂದ ಬೊಂಬಾಯಿಗೆ ಹೆಂಚು ಸಾಗಿಸುವ ಹಾಯಿ ಹಡಗಿನಲ್ಲಿ ಹಾಯಿ ಹೊಲಿಯುವ ಕೆಲಸಕ್ಕೆ ಸೇರಿದ್ದವರು. ಅಂಗಿಯ ಅಳತೆ ಕೊಡಲು ಹೋದರೆ ಅಂಗಿ ಬರುವುದು ತಡವಾಗುತ್ತಿತ್ತು, ಸಮುದ್ರ ಮೊದಲು ಬರುತ್ತಿತ್ತು. ಅವರ ಹೆಂಡತಿ ಅಖ್ತರ್‌ಬೀ ಮಾತ್ರ ಇದನ್ನು ನಂಬುತ್ತಿರಲಿಲ್ಲ. ಸಮುದ್ರ ಯಾವ ಬಣ್ಣ ಅಂತ ಕೇಳಿದರೆ ಒಂದೊಂದು ಸಲ ಒಂದೊಂದು ಹೇಳುತ್ತಾರೆ, ಇವರು ಹೋಗಿದ್ದು ಬಹಳ ಅಂದರೆ ಹರಿಹರದ ತನಕ ಎಂದು ಎದುರಿಗೇ ಅನ್ನುವರು. ನಿಜ ಏನೆಂದರೆ ಖಾಜಾಸಾಬರಿಗೆ ಹಡಗು ಹತ್ತಿದ ಗಳಿಗೆಯಿಂದ ವಾಂತಿ ಹಿಡಿಯಿತು, ಬೊಂಬಾಯಿ ಬರುವ ತನಕ ಕೋಣೆಯಲ್ಲೇ ಅಂಗಾತ ಬಿದ್ದಿದ್ದರು. ವಾಪಸು ರೈಲಿನಲ್ಲಿ ಬಂದರು. ಹೀಗಾಗಿ ಸಮುದ್ರವನ್ನು ಅವರು ನೋಡಿರಲಿಲ್ಲ. ಕೋಣೆಯ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮಾತ್ರ ಮಲಗಿದಲ್ಲೇ ನೋಡಿದ್ದರು. ಅದೂ ಅರ್ಧ ಕಣ್ಣಿನಲ್ಲಿ.

ಮರುಳಪ್ಪನವರ ಹಿತ್ತಿಲಲ್ಲಿ ಕೆಲಸ ಶುರುವಾಯಿತು. ಕಮಾನು ಗಾಡಿಯ ಹಳೇ ಬಿದಿರು ಬಾಗಿಸಿ ಮೇಲೆ ಹಲಗೆ ಹೊಡೆದು ಕೋಣೆ ಎಬ್ಬಿಸಿದರು. ಮುಂದೆ ಅಗಲವಾದ ಕಿಂಡಿ, ಹಿಂದೆ ಎತ್ತರದಲ್ಲಿ ಸಣ್ಣ ಕಿಂಡಿ, ಪಕ್ಕಕ್ಕೊಂದು ಕಿಟಕಿ. ಬಿಸಿ ಗಾಳಿ ಮೇಲೇರುವ ಜಾತಿಯದಂತೆ, ಅದಕ್ಕೆ ಹೋಗಲು ದಾರಿ ಮೇಲಿರಬೇಕಂತೆ. ಡೇರೆ ಬಟ್ಟೆಯಲ್ಲಿ ಖಾಜಾಸಾಬರು ಒಂದು ದೊಡ್ಡ ಚೀಲ ಹೊಲಿದರು. ಅದಕ್ಕೆ ತಳವಿಲ್ಲ. ಬಿದಿರಿನ ಗಳುವಿಗೆ ಕಟ್ಟಿ ಬಾಯನ್ನು ಗಾಳಿಗೆ ಒಡ್ಡಿದರೆ ಮೇಲಿನ ಗಾಳಿಯನ್ನೆಲ್ಲ ನುಂಗಿ ಕಿಂಡಿಯೊಳಕ್ಕೆ ಉಗಿಯುತ್ತದೆ. ಇಷ್ಟೇ ಸಾಕಿತ್ತು. ಆದರೆ ಖಾಜಾಸಾಬರು ಹಡಗಿಗೆ ಮೂತಿ ಇಲ್ಲದಿದ್ದರೆ ಗಾಳಿಗೆ ಗುರುತು ಸಿಗುವುದಿಲ್ಲ ಎಂದು ಹಟ ಹಿಡಿದು, ಹಲಗೆಗಳನ್ನು ಚೂಪಾಗಿ ಕೂಡಿಸಿ ಒಂದು ಮೂತಿ ಮಾಡಿಸಿದರು. ಆ ಮೂತಿ ಹಿತ್ತಿಲ ಗೋಡೆ ದಾಟಿ ಬೀದಿಗೆ ಕಾಣಿಸಿತು. ಅಲ್ಲಿಂದ ಊರು ಕೆಟ್ಟಿತು.

ಮರುಳಪ್ಪ ಬೆಲೆ ಏರುವ ಮುಂಚೆ ಕೊಂಡು, ಇಳಿಯುವ ಮುಂಚೆ ಮಾರುವ ಆಸಾಮಿ. ಅಂಥವನು ಸುಮ್ಮನೆ ಹಡಗು ಕಟ್ಟುತ್ತಾನೆಯೇ ಎಂದು ಜನ ಯೋಚಿಸಿದರು. ಯೋಚನೆ ಮಾಡುವುದು ನಮ್ಮ ಊರಿಗೆ ಯಾವತ್ತೂ ಒಳ್ಳೆಯದು ಮಾಡಿಲ್ಲ. ಎರಡು ಪಕ್ಷವಾಯಿತು. ಸರ್ಕಾರದವರು ಹೊಳೆ ತಿರುಗಿಸಿ ಜಗಳೂರಿಗೆ ತರುತ್ತಾರೆ, ಅದು ಮರುಳಪ್ಪನಿಗೆ ಮೊದಲೇ ಗೊತ್ತಾಗಿದೆ ಎಂದು ಒಂದು ಪಕ್ಷ. ಹೊಳೆಯಲ್ಲ, ಪ್ರಳಯವೇ ಬರುತ್ತದೆ ಎಂದು ಇನ್ನೊಂದು. ಹೊಳೆ ಪಕ್ಷದವರು ತಗ್ಗಿನ ಹೊಲಗಳಿಗೆ ಗಿರಾಕಿಯಾದರು. ಪ್ರಳಯ ಪಕ್ಷದವರು ಜೋಳದ ಚೀಲಗಳನ್ನು ಅಟ್ಟಕ್ಕೆ ಏರಿಸಿದರು. ಸುದ್ದಿ ಚನ್ನಗಿರಿ ತಲುಪುವಾಗ ಹಡಗಿಗೆ ಎರಡು ಅಂತಸ್ತಾಗಿತ್ತು, ನ್ಯಾಮತಿ ತಲುಪುವಾಗ ಅದು ಹೊರಟೂ ಹೋಗಿತ್ತು.

ಪ್ರಳಯ ಪಕ್ಷದ ಮುಖಂಡಳು ಬೀದಿಯ ಕೊನೆ ಮನೆಯ ಅಜ್ಜಮ್ಮ. ಆಕೆ ಒಂದು ಬಟ್ಟೆ ಗಂಟು, ಒಂದು ಕೋಳಿ ಕಂಕುಳಲ್ಲಿಟ್ಟುಕೊಂಡು ದಿನಾ ಬೆಳಿಗ್ಗೆ ಬಂದು ಹಡಗಿನ ನೆರಳಲ್ಲಿ ಕೂರುತ್ತಿದ್ದಳು. ಮುದುಕಿ ತಾನೇ, ಜಾಗ ಹೆಚ್ಚು ಬೇಡ, ಕೋಳಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ ಎಂದು ಮರುಳಪ್ಪನವರಿಗೆ ಭರವಸೆ ಕೊಟ್ಟಳು. ಇದು ಹೋಗುವ ಹಡಗಲ್ಲ ಎಂದು ಅವರು ತಿಳಿಸಿ ಹೇಳಿದರೆ, ಎಲ್ಲರಿಗೂ ಹೇಳಿದರೆ ನೂಕುನುಗ್ಗಲಾಗುತ್ತದೆ, ನನಗೆ ಅರ್ಥವಾಗುತ್ತದೆ ಎಂದು ಮೆಲ್ಲಗೆ ತಲೆಯಾಡಿಸಿದಳು.

ಸುದ್ದಿ ಕಂದಾಯದ ಅಧಿಕಾರಿ ಶೇಕದಾರರ ಕಿವಿಗೂ ಬಿತ್ತು. ಅವರು ಜವಾನನನ್ನು ಕರೆದುಕೊಂಡು ಬಂದು ಹಡಗಿನ ಸುತ್ತ ನಡೆದು ನೋಡಿದರು. ಅವರ ಸಂಕಟ ಬೇರೆ ಥರದ್ದು. ಹೊಳೆ ಬರುವುದು ಸುಳ್ಳು ಎಂದು ಹೇಳಿಬಿಡೋಣ ಎಂದರೆ, ಮೇಲಿನವರು ನಿಜವಾಗಿ ತರುವುದಾಗಿದ್ದು ತಮಗೆ ಮಾತ್ರ ಹೇಳದೆ ಇದ್ದಿದ್ದರೆ ಏನು ಗತಿ. ಈ ಹಡಗು ಯಾತಕ್ಕೆ ಎಂದು ಮರುಳಪ್ಪನವರನ್ನು ಕೇಳಿದರು. ಮಗಳ ಬಾಣಂತನಕ್ಕೆ ತಂಪಾಗಿರಲಿ ಅಂತ ಸ್ವಾಮಿ ಎಂದು ಮರುಳಪ್ಪನವರು ಜೀವಮಾನದಲ್ಲಿ ಅಪರೂಪಕ್ಕೆ ನಿಜ ಹೇಳಿದರು. ಶೇಕದಾರರು ಬೆವರಿದರು. ಇಷ್ಟು ಪೆದ್ದ ಸುಳ್ಳು ಹೇಳಬೇಕಾದರೆ ಒಳಗಿನ ಗುಟ್ಟು ಎಷ್ಟು ದೊಡ್ಡದಿರಬೇಕು ಅನ್ನಿಸಿತು ಅವರಿಗೆ.

“ಆಯಿತು ಮರುಳಪ್ಪನವರೆ, ನಾನು ಏನೂ ಕೇಳಲಿಲ್ಲ, ನೀವು ಏನೂ ಹೇಳಲಿಲ್ಲ. ಆದರೆ ನನ್ನ ಅಪ್ಪಣೆ ಇಲ್ಲದೆ ಹಡಗು ಈ ಜಾಗ ಬಿಟ್ಟು ಕದಲಕೂಡದು.”

ನೀರೇ ಇಲ್ಲದ ಹಿತ್ತಿಲಲ್ಲಿ ಈ ಅಪ್ಪಣೆಯನ್ನು ಪಾಲಿಸುವುದು ಕಷ್ಟವಾಗಲಾರದು ಎಂದು ನಾನು ಗೋಡೆಯ ಈಚೆ ನಿಂತು ಅಂದುಕೊಂಡೆ. ಅಷ್ಟು ಬೇಗ ಅಂದುಕೊಳ್ಳಬಾರದಿತ್ತು.

ಕೋಣೆ ಮುಗಿದ ದಿನ ಪಡುವಣ ಗಾಳಿ ಚೆನ್ನಾಗಿತ್ತು. ಖಾಜಾಸಾಬರು ಒಳಗೆ ಊದಿನಕಡ್ಡಿ ಹಚ್ಚಿಟ್ಟರು. ಹೊಗೆ ನೆಟ್ಟಗೆ ಹಿಂದಿನ ಕಿಂಡಿಗೆ ಹೋಗಿ ಹೊರಗೆ ಬಿತ್ತು. ಮರುಳಪ್ಪನವರು ಮಟಮಟ ಮಧ್ಯಾಹ್ನ ಒಳಗೆ ಮಲಗಿ, ಸ್ವಲ್ಪ ಹೊತ್ತಿಗೆ ಕಂಬಳಿ ತಾ ಎಂದು ಕೂಗಿದರು. ಸುಳ್ಳು ಹೇಳಿದವನಿಗೆ ಅದು ನಿಜವಾದಾಗ ಆಗುವ ಸಂತೋಷ ಇನ್ಯಾರಿಗೂ ಆಗುವುದಿಲ್ಲ. ಅವತ್ತು ಅವರು ಬೀದಿಯವರಿಗೆಲ್ಲ ಬೆಲ್ಲ ಹಂಚಿದರು.

ಮಾರನೆಯ ದಿನ ಗಾಳಿ ತಿರುಗಿತು. ಮೂಡಣ ದಿಕ್ಕಿನಿಂದ ಬೀಸಿ ಹಿಂದಿನ ಕಿಂಡಿಯಲ್ಲಿ ನುಗ್ಗಿತು. ಆ ದಿಕ್ಕಿಗೇ ಅಡುಗೆಮನೆ. ಕೊಟ್ರಮ್ಮ ಒಣಮೆಣಸಿನಕಾಯಿ ಹುರಿಯುತ್ತಿದ್ದರು. ಆ ಘಾಟೆಲ್ಲ ಕೋಣೆ ತುಂಬಿ, ಬಾಯಿ ತೆರೆದು ಮಲಗಿದ್ದ ಮರುಳಪ್ಪನವರು ಮುಂದಿನ ಕಿಂಡಿಯಿಂದ ತಲೆ ಕೆಳಗಾಗಿ ಹೊರಗೆ ಬಂದರು. ಕೆಮ್ಮು ನಿಂತ ಮೇಲೆ ದರ್ಜಿಯನ್ನು ಕರೆಸಿ ಬಾಯಿಗೆ ಬಂದಂತೆ ಬೈದರು. ಖಾಜಾಸಾಬರು ಸಮಾಧಾನದಿಂದ ಗಡ್ಡ ಸವರಿಕೊಂಡರು.

“ಇದು ಹಡಗಿಂದು ತಪ್ಪಲ್ಲ ಸಾವ್ಕಾರ್ರೆ, ನೆಲದ್ದು ತಪ್ಪು. ಲಂಗರು ಹಾಕಿದ ಹಡಗು ನೀರಾಗೆ ತಾನೇ ತಿರುಗಿ ಗಾಳಿಗೆ ಮುಖ ಕೊಡ್ತೈತೆ. ನಿಮ್ಮ ನೆಲ ತಿರುಗಾಕಿಲ್ಲ, ನಾನೇನ್ ಮಾಡ್ಲಿ?”

ಮರುಳಪ್ಪನವರು ಹಿತ್ತಿಲ ನಾಲ್ಕು ಮೂಲೆಗೂ ಕಣ್ಣು ಹಾಯಿಸಿದರು. ಒಂದು ಕಡೆ ಬಯಲಿನಲ್ಲಿ ಅವರ ಅಪ್ಪನ ಕಾಲದ ಗಾಣ ಇತ್ತು. ದಾವಣಗೆರೆಗೆ ಎಂಜಿನ್ನಿನ ಗಾಣ ಬಂದ ಮೇಲೆ ಅದನ್ನು ನಿಲ್ಲಿಸಿದ್ದರು. ಅದರ ಪಕ್ಕದಲ್ಲಿ, ಕೆಲಸ ಹೋಗಿದ್ದರೂ ಮೇವು ಹೋಗದ ಗಾಣದೆತ್ತು ಬೆಳ್ಳ ಮೆಲುಕು ಹಾಕುತ್ತಿತ್ತು. ಮರುಳಪ್ಪನವರು ಗಾಣ ನೋಡಿದರು, ಎತ್ತು ನೋಡಿದರು, ಹಡಗು ನೋಡಿದರು. ಆ ಯೋಚನೆ ಅವರ ತಲೆಗೆ ಬಂದದ್ದು ನನಗೆ ಗೋಡೆಯ ಮೇಲಿಂದಲೇ ಕಂಡಿತು.

ಒರಳಿನಂಥ ಆ ಗಾಣದ ಬಾಯಲ್ಲಿ ಒಂದು ಅಚ್ಚು ನೆಟ್ಟರು. ಅಚ್ಚಿನ ಮೇಲೆ ಬಂಡಿಗಾಲಿಯನ್ನು ಅಡ್ಡಡ್ಡ ಕೂರಿಸಿದರು. ಗಾಲಿಯ ಮೇಲೆ ಹಡಗಿನ ಕೋಣೆ. ಗಾಲಿಗೆ ಬಿಗಿದ ಉದ್ದನೆಯ ದಿಮ್ಮಿಯ ತುದಿಗೆ ನೊಗ, ನೊಗಕ್ಕೆ ಬೆಳ್ಳ. ಎತ್ತು ಒಂದು ಹೆಜ್ಜೆ ಇಟ್ಟರೆ ಹಡಗು ಅಷ್ಟು ತಿರುಗುತ್ತದೆ. ಗಾಳಿ ಯಾವ ಕಡೆಯಿಂದ ಬಂದರೂ ಮೂತಿ ಆ ಕಡೆಗೆ. ಹತ್ತಲು ಇಳಿಯಲು ಒಂದು ಏಣಿ. ಜಾಗ ಬಿಟ್ಟು ಕದಲಕೂಡದು ಎಂಬ ಅಪ್ಪಣೆಗೂ ಭಂಗವಿಲ್ಲ, ಏಕೆಂದರೆ ಇದು ಹಿತ್ತಿಲು ಬಿಟ್ಟು ಕದಲುವುದಿಲ್ಲ, ಇದ್ದಲ್ಲೇ ಸುತ್ತುತ್ತದೆ.

ಬೆಳ್ಳನ ವಿಚಾರ ಒಂದಿಷ್ಟು ಹೇಳಬೇಕು. ಅದು ಹುಟ್ಟಾ ಗಾಣದೆತ್ತು. ಕಣ್ಣಿಗೆ ಬಟ್ಟೆ ಕಟ್ಟಿ ನೊಗ ಇಟ್ಟರೆ ಸುತ್ತಲು ಹೊರಡುತ್ತದೆ. ಶೇಂಗಾ ಎಣ್ಣೆ ಬಿಟ್ಟು, ಗಾಣದಿಂದ ಹಿಂಡಿ ತೆಗೆದು ಒಂದು ತುಂಡು ಅದರ ಮುಂದೆ ಇಟ್ಟಾಗ ನಿಲ್ಲುತ್ತದೆ. ಆ ನಡುವೆ ದೇವರು ಬಂದು ಹೇಳಿದರೂ ನಿಲ್ಲುವುದಿಲ್ಲ. ಇದು ಕೊಟ್ರಮ್ಮನಿಗೆ ಗೊತ್ತಿತ್ತು, ಹಿಂಡಿ ಇಡುತ್ತಿದ್ದವರು ಅವರೇ. ಅಂಗಡಿಯಲ್ಲಿ ಕೂತು ಕಾಲ ಕಳೆದ ಮರುಳಪ್ಪನವರಿಗೆ ಗೊತ್ತಿರಲಿಲ್ಲ. ದಿನಾ ಪರೀಕ್ಷೆ ಮಾಡುವಾಗ ಅವರು ಹಡಗಿನಿಂದ ತಲೆ ಹೊರಗೆ ಹಾಕಿ ಗತ್ತಿನಲ್ಲಿ ಹೋ ಅನ್ನುವರು, ಬೆಳ್ಳ ನಿಲ್ಲುವುದು. ಅದೇ ಹೊತ್ತಿಗೆ ಅಡುಗೆಮನೆಯ ಬಾಗಿಲಿನಿಂದ ಕೊಟ್ರಮ್ಮ ಹಿಂಡಿಯ ತುಂಡು ಎಸೆಯುತ್ತಿದ್ದದ್ದು ಅವರ ಬೆನ್ನಿನ ಹಿಂದೆ. ನನ್ನ ದನಿಯಲ್ಲೇ ಏನೋ ಐತೆ ಎಂದು ಅವರು ನನ್ನ ಹತ್ತಿರ ಹೇಳಿಕೊಂಡರು.

ಅಕ್ಷತದಿಗೆ ಬಂತು, ಬೀಗರೂ ಬಂದರು. ಬಸ್ಸಿನಿಂದ ಇಳಿದ ನಿರ್ಮಲಮ್ಮನವರ ಮುಖ ಬೇಯಿಸಿದ ಗೆಣಸಿನ ಬಣ್ಣಕ್ಕೆ ತಿರುಗಿತ್ತು. ಮನೆ ಸೇರುವ ತನಕ ಅವರು ಆಡಿದ್ದು ಒಂದೇ ಮಾತು, ಸೊಸೆಯನ್ನು ಇಲ್ಲಿಗೆ ಕಳಿಸಿದರೆ ನನ್ನ ಹೆಸರು ನಿರ್ಮಲಮ್ಮ ಅಲ್ಲ ಅಂತ. ಅದು ಕೊಟ್ರಮ್ಮನ ಕಿವಿಗೆ ಬಿತ್ತು. ಅವರು ನೀರು ಬೆಲ್ಲ ಕೊಟ್ಟು ಹೋಳಿಗೆ ತಟ್ಟಲು ಒಳಗೆ ಹೋದರು. ಬೀಗರು ಬಂದ ದಿನ ಹೋಳಿಗೆ ಒಲೆಯ ಮೇಲಿದ್ದರೆ ಹೆಂಗಸು ಅಡುಗೆಮನೆ ಬಿಟ್ಟು ಬರುವಂತಿಲ್ಲ. ಕಷ್ಟವೆಲ್ಲ ಹುಟ್ಟಿದ್ದು ಇಲ್ಲಿ.

ಬೀಗರಿಬ್ಬರನ್ನೂ ಏಣಿ ಹತ್ತಿಸಿ ಕೋಣೆಯಲ್ಲಿ ಕೂರಿಸಿದರು. ಜಮಖಾನ ಹಾಸಿತ್ತು, ದಿಂಬಿನ ಹಿಂದೆ ಸಾಕ್ಷಿಗೆಂದು ಕಂಬಳಿ ಮಡಿಸಿಟ್ಟಿತ್ತು. ಖಾಜಾಸಾಬರು ಇಸ್ತ್ರಿ ಮಾಡಿದ ಟೋಪಿ ಹಾಕಿಕೊಂಡು ಮೂತಿಯ ಮೇಲೆ ಹತ್ತಿ ಚೀಲದ ಹಗ್ಗ ಹಿಡಿದರು. ಹೊರಗೆ ಅರ್ಧ ಊರು ನೆರೆದಿತ್ತು. ಶೇಕದಾರರು ಜವಾನನ ಜೊತೆ ಬಂದಿದ್ದರು. ಅಜ್ಜಮ್ಮ ಗಂಟು ಕೋಳಿ ಸಮೇತ ಎಲ್ಲರಿಗಿಂತ ಮುಂದೆ ಇದ್ದಳು. ಗಾಳಿ ಪಕ್ಕದಿಂದ ಬೀಸುತ್ತಿತ್ತು, ಒಳಗೆ ಸೆಕೆ. ನಿರ್ಮಲಮ್ಮನವರು ಸೆರಗಿನಿಂದ ಬೀಸಿಕೊಳ್ಳುತ್ತ, ಇದೇನಾ ನಿಮ್ಮ ಕಂಬಳಿ ಎಂದು ಕೇಳಿದರು. ಒಂದು ಗಳಿಗೆ ತಾಳಿ ಎಂದು ಮರುಳಪ್ಪನವರು ಬೆಳ್ಳನ ಕಣ್ಣಿಗೆ ಬಟ್ಟೆ ಕಟ್ಟಿ ನೊಗ ಹೂಡಿ ಬೆನ್ನು ತಟ್ಟಿದರು.

ಹಡಗು ಕಿರ್ ಅಂದು ತಿರುಗಿತು. ಮೂತಿ ಗಾಳಿಗೆ ನೇರ ಬಂತು, ಚೀಲ ಹೊಟ್ಟೆ ಉಬ್ಬಿಸಿತು, ಒಳಗಿನಿಂದ ನಿರ್ಮಲಮ್ಮನವರು ಆಹಾ ಅಂದದ್ದು ನನಗೂ ಕೇಳಿಸಿತು. ಮರುಳಪ್ಪನವರು ಎದೆ ಮುಂದೆ ಮಾಡಿ ಹೋ ಅಂದರು. ಬೆಳ್ಳ ನಿಲ್ಲಲಿಲ್ಲ. ಇನ್ನೊಂದು ಸಲ ಜೋರಾಗಿ ಹೋ ಅಂದರು. ಬೆಳ್ಳನ ಲೆಕ್ಕದಲ್ಲಿ ಶೇಂಗಾ ಇನ್ನೂ ಎಣ್ಣೆ ಬಿಟ್ಟಿರಲಿಲ್ಲ. ಅದು ತನ್ನ ಪಾಡಿಗೆ ಸುತ್ತು ಹಿಡಿಯಿತು. ದಿಮ್ಮಿಗೆ ಸಿಕ್ಕ ಏಣಿ ಬಿದ್ದು ಮುರಿಯಿತು.

ಮುಂದೆ ನಡೆದದ್ದನ್ನು ಸಾವಧಾನವಾಗಿ ಹೇಳುತ್ತೇನೆ, ಆದರೆ ನಡೆದದ್ದು ಸಾವಧಾನವಾಗಿ ಅಲ್ಲ. ಮರುಳಪ್ಪನವರು ಬೆಳ್ಳನ ಕೊಂಬು ಹಿಡಿದರು. ಬೆಳ್ಳ ಅವರನ್ನೂ ಕರೆದುಕೊಂಡು ಹೊರಟಿತು. ಶೇಕದಾರರು ಹಡಗಿನ ಕಿಟಕಿಯ ಜೊತೆಜೊತೆಗೆ ಓಡುತ್ತ, ಅಪ್ಪಣೆ ಇಲ್ಲದೆ ಹೊರಟಿದ್ದೀರಿ, ಎಲ್ಲಿಗೆ ಹೋಗುತ್ತಿದೆ ಹೇಳಿ ಎಂದರು. ಜವಾನನು ಹಿಂದೆ ಓಡುತ್ತ, ಜಾಗ ಬಿಟ್ಟಿಲ್ಲ ಸ್ವಾಮಿ, ಇಲ್ಲೇ ಐತೆ ಎಂದು ನೆನಪಿಸಿದನು. ಹಾಗಾದರೆ ನಾವು ಯಾಕೆ ಓಡುತ್ತಿದ್ದೇವೆ ಎಂದು ಶೇಕದಾರರು ಓಡುತ್ತಲೇ ಕೇಳಿದರು. ಅಜ್ಜಮ್ಮನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಹಡಗು ಬಿಟ್ಟಿತು, ನನ್ನನ್ನು ಬಿಟ್ಟು ಹೋಗುತ್ತಿದ್ದಾರೆ ಎಂದು, ಕಿಟಕಿ ಎದುರಿಗೆ ಬಂದಾಗ ಗಂಟನ್ನು ಒಳಗೆ ಎಸೆದಳು. ಮುಂದಿನ ಸುತ್ತಿಗೆ ಕೋಳಿಯನ್ನು ಎಸೆದಳು. ಅದರ ಮುಂದಿನ ಸುತ್ತಿಗೆ ತಾನೇ ಸೀರೆ ಎತ್ತಿ ಕಟ್ಟಿದ್ದಳು, ನಾಲ್ಕು ಜನ ಹಿಡಿದುಕೊಂಡರು.

ಮೂತಿಯ ಮೇಲೆ ಖಾಜಾಸಾಬರು ಮೊದಲು ಟೋಪಿ ಕಳೆದುಕೊಂಡರು, ಆಮೇಲೆ ಮುಖದ ಬಣ್ಣ ಕಳೆದುಕೊಂಡರು. ಇಷ್ಟು ವರ್ಷದ ಮೇಲೆ ಅವರಿಗೆ ಸಮುದ್ರ ನೆನಪಾಯಿತು. ಹಲಗೆಯನ್ನು ತಬ್ಬಿಕೊಂಡು ಬೋರಲು ಬಿದ್ದು, ಬೆಳಗಿನ ನಾಷ್ಟಾವನ್ನು ಸುತ್ತಲೂ ಸಮನಾಗಿ ಹಂಚಿದರು. ಜನರ ನಡುವೆ ನಿಂತಿದ್ದ ಅಖ್ತರ್‌ಬೀ ಗಂಡನನ್ನು ಮದುವೆಯಾದ ಮೇಲೆ ಮೊದಲ ಸಲ ಹೆಮ್ಮೆಯಿಂದ ನೋಡಿದರು.

“ಖರೇನೇ ಹೋಗಿದ್ರು ನೋಡ್ರಿ ಬೊಂಬಾಯಿಗೆ,” ಎಂದರು ಪಕ್ಕದವರಿಗೆ.

ಗದ್ದಲ ಕೇಳಿ ಕೊಟ್ರಮ್ಮ ಹೊರಗೆ ಬಂದರು. ಕೈಯೆಲ್ಲ ಕಣಕ. ಒಂದೇ ನೋಟಕ್ಕೆ ಅವರಿಗೆ ಎಲ್ಲ ತಿಳಿಯಿತು. ಒಳಗೆ ಹೋಗಿ ಒಂದು ಮುಷ್ಟಿ ಹಿಂಡಿ ತಂದರು. ಮರುಳಪ್ಪನವರು ಎತ್ತಿನ ಕೊಂಬಿಗೆ ನೇತಾಡುತ್ತ ಬಂದು, ಕೊಡೇ ಬೇಗ ಎಂದು ಹೇಳಿ ಹಾಗೇ ಆ ಕಡೆ ಹೋದರು. ಕೊಟ್ರಮ್ಮ ಕೈ ಚಾಚಿದವರು, ಏನು ತೋಚಿತೋ, ಹಿಂಡಿಯ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡರು. ಹಡಗಿನ ಕಿಟಕಿ ಬರುವ ಜಾಗದಲ್ಲಿ ಹೋಗಿ ನಿಂತರು.

ಕಿಟಕಿ ಬಂತು. ಅದರಲ್ಲಿ ನಿರ್ಮಲಮ್ಮನವರ ಮುಖ.

“ತಂಪೈತಾ ಅಕ್ಕಾರೆ?” ಎಂದರು ಕೊಟ್ರಮ್ಮ.

ಉತ್ತರ ಬರುವಷ್ಟರಲ್ಲಿ ಕಿಟಕಿ ದಾಟಿತು. ಒಂದು ಸುತ್ತು ಕಾದರು.

“ಐತೆ,” ಎಂದು ಹೇಳಿ ನಿರ್ಮಲಮ್ಮನವರು ಹೋದರು.

ಮುಂದಿನ ಮಾತು ಉದ್ದವಿತ್ತು, ಒಂದು ಕಿಟಕಿ ಹೊತ್ತಿಗೆ ಹಿಡಿಸುವಂತಿರಲಿಲ್ಲ. ಅದಕ್ಕೆ ಕೊಟ್ರಮ್ಮ ಕಿಟಕಿಯ ಜೊತೆಯಲ್ಲೇ ನಡೆಯುತ್ತ, ಶೇಕದಾರರನ್ನು ಪಕ್ಕಕ್ಕೆ ಸರಿಸಿ, ದನಿ ಎತ್ತರಿಸದೆ ಹೇಳಿದರು. “ಮದುವೆ ಆದಮೇಲೆ ನನ್ನ ಮಗಳು ಈ ಮನೆಯಾಗೆ ಒಂದು ಹಬ್ಬ ಉಂಡಿಲ್ಲ ಅಕ್ಕಾರೆ. ಬಾವಿಗೆ ಹೋದ್ರೆ ಎಲ್ಲಾರೂ ರುದ್ರಾಣಿ ಯಾವಾಗ ಬರ್ತಾಳೆ ಅಂತಾರೆ, ನಂಗೆ ಕೊಡ ಎತ್ತಾಕೆ ಆಗಲ್ಲ. ಸೆಕೆ ಆದ್ರೆ ನಾನು ಹಗಲೂ ರಾತ್ರಿ ಕೂತು ಗಾಳಿ ಬೀಸ್ತೀನಿ. ಈ ಒಂದು ಬಾಣಂತನ ನಂಗೆ ಕೊಡ್ರಿ.”

ಇಷ್ಟು ಹೇಳಿ ನಿಂತರು. ಹಡಗು ಉತ್ತರ ತೆಗೆದುಕೊಂಡು ಹೋಯಿತು. ಸುತ್ತು ಬಂದಾಗ ಕಿಟಕಿಯಲ್ಲಿ ನಾಗರಾಜಪ್ಪನವರ ಮುಖವಿತ್ತು, ತಲೆಯ ಮೇಲೆ ಕೋಳಿ ಇತ್ತು. ಮೊದಲು ಇದನ್ನು ನಿಲ್ಲಿಸ್ರಿ ತಾಯಿ ಎಂದರು ಅವರು. ಅಷ್ಟರಲ್ಲಿ ಒಳಗಿನಿಂದ ಒಂದು ದಪ್ಪ ಕೈ ಬಂದು ಅವರನ್ನು ಹಿಂದಕ್ಕೆ ಎಳೆಯಿತು.

ಮುಂದಿನ ಸುತ್ತಿಗೆ ನಿರ್ಮಲಮ್ಮನವರು ಬಂದರು. “ಕಂಬಳಿ ಎಲ್ಲೈತೆ?”

“ದಿಂಬಿನ ಹಿಂದೆ.”

ಅದರ ಮುಂದಿನ ಸುತ್ತಿಗೆ ಅವರು ಕಿವಿ ಮುಚ್ಚುವ ಹಾಗೆ ಕಂಬಳಿ ಹೊದ್ದು ಕೂತಿದ್ದರು. ಮುಖದ ಕೆಂಪು ಇಳಿದು ಕಣ್ಣು ಅರ್ಧ ಮುಚ್ಚಿತ್ತು. “ಕಳಿಸ್ತೀನಿ,” ಎಂದು ಹೇಳಿ ಹೋದರು.

ಕೊಟ್ರಮ್ಮನ ಕಣ್ಣಲ್ಲಿ ನೀರು ತುಂಬಿತು. ಸೆರಗಿನಿಂದ ಹಿಂಡಿ ತೆಗೆದು ಬೆಳ್ಳನ ಕಡೆಗೆ ಹೊರಟರು. ಅಷ್ಟರಲ್ಲಿ ಹಡಗು ಇನ್ನೊಂದು ಸುತ್ತು ಬಂದಿತ್ತು, ಕಿಟಕಿಯಲ್ಲಿ ಮತ್ತೆ ನಿರ್ಮಲಮ್ಮನವರು.

“ಆದ್ರೆ ನಾನೂ ಜೊತೆಗೆ ಬಂದು ಇಲ್ಲೇ ಇರ್ತೀನಿ.”

ಕೊಟ್ರಮ್ಮನ ಕೈ ನಿಂತಿತು. ಒಂದು ಪೂರ್ತಿ ಸುತ್ತು ಅವರು ಯೋಚಿಸಿದ್ದನ್ನು ನಾನು ನೋಡಿದೆ. ನಿರ್ಮಲಮ್ಮನವರ ಮೈ ನೋಡಿದರು, ಅಡುಗೆಮನೆಯ ಕಡೆ ನೋಡಿದರು, ಕೊಂಬಿಗೆ ನೇತಾಡುವ ಗಂಡನನ್ನು ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು ಹಿಂಡಿಯನ್ನು ಎತ್ತಿನ ಮುಂದೆ ಇಟ್ಟರು. ಬೆಳ್ಳ ಅಲ್ಲೇ ನಿಂತು ತಿನ್ನತೊಡಗಿತು. ಹಡಗು ನಿಂತಿತು. ಖಾಜಾಸಾಬರು ಮಾತ್ರ ಇನ್ನೂ ನಿಂತಿಲ್ಲ ಎಂದು ವಾದಿಸುತ್ತಿದ್ದರು.

ಒಂದು ವಾರದಲ್ಲಿ ರುದ್ರಾಣಿ ಬಂದಳು, ಹಿಂದೆಯೇ ಎರಡು ಟ್ರಂಕು ಹೊರಿಸಿಕೊಂಡು ನಿರ್ಮಲಮ್ಮನವರೂ ಬಂದರು. ಬೇಸಿಗೆಯೆಲ್ಲ ಹಡಗಿನಲ್ಲಿ ಅತ್ತೆ ಕಂಬಳಿ ಹೊದ್ದು ಮಲಗಿದರು, ಸೊಸೆ ಜಾಗವಿದ್ದಾಗ ಮಲಗಿದಳು. ಮರುಳಪ್ಪನವರಿಗೆ ಕೆಲಸ ಒಂದೇ, ಗಾಳಿ ತಿರುಗಿದಾಗಲೆಲ್ಲ ಬೆಳ್ಳನನ್ನು ಹೂಡುವುದು. ಹೆಣ್ಣು ಮಗು ಹುಟ್ಟಿತು. ಹೊಳೆಯೂ ಬರಲಿಲ್ಲ, ಪ್ರಳಯವೂ ಬರಲಿಲ್ಲ. ತಗ್ಗಿನ ಹೊಲ ಕೊಂಡವರು ಅವತ್ತಿನಿಂದ ಮರುಳಪ್ಪನವರ ಅಂಗಡಿಯ ಮುಂದೆ ಹೋಗುವಾಗ ಉಗುಳಿ ಹೋಗುತ್ತಾರೆ. ಶೇಕದಾರರು ಮಾತ್ರ ಬೇರೆ ತಾಲ್ಲೂಕಿಗೆ ವರ್ಗವಾಗುವ ತನಕ ಎದುರಿಗೆ ಸಿಕ್ಕಾಗ ಗುಟ್ಟು ಕಾಪಾಡಿದವರ ನಗೆ ನಕ್ಕರು.

ಮಗುವಿಗೆ ಮೂರು ತಿಂಗಳಾಯಿತು. ಬಾಣಂತಿ ಗಂಡನ ಮನೆಗೆ ಹೋಗುವಾಗ ತವರಿನವರು ತೊಟ್ಟಿಲು ಕಳಿಸಬೇಕು. ಕೊಟ್ರಮ್ಮ ಅರಿಶಿನ ಹಚ್ಚಿದ್ದ ತೊಟ್ಟಿಲಲ್ಲಿ ಮಗು ಒಂದು ಗಳಿಗೆಯೂ ಮಲಗಿರಲಿಲ್ಲ. ಅದು ಮಲಗಿದ್ದು ತಿರುಗುವ ಹಡಗಿನಲ್ಲಿ. ಹಾಗಾದರೆ ಅದೇ ತೊಟ್ಟಿಲು, ಅದನ್ನೇ ಕಳಿಸಬೇಕು ಎಂದು ನಿರ್ಮಲಮ್ಮನವರು ಪಟ್ಟು ಹಿಡಿದರು. ಕೊಟ್ರಮ್ಮ ಕೋಣೆ, ಗಾಲಿ, ಅಚ್ಚು, ಚೀಲ ಎಲ್ಲವನ್ನೂ ತಾವೇ ನಿಂತು ಬಂಡಿಗೆ ಹೇರಿಸಿದರು. ಎತ್ತು ಎಂದಾಗ ಮಾತ್ರ ತಲೆಯಲ್ಲಾಡಿಸಿದರು.

“ತೊಟ್ಟಿಲು ಕೊಡೋದು ಪದ್ಧತಿ ಅಕ್ಕಾರೆ, ಕೊಟ್ಟೀನಿ. ಎತ್ತು ಕೊಡೋದು ಪದ್ಧತಿ ಅಲ್ಲ.”

ಹೊನ್ನಾಳಿಯವರು ಅಲ್ಲಿಯ ಎತ್ತುಗಳನ್ನು ಹೂಡಿ ನೋಡಿದರಂತೆ. ಅವು ನೇಗಿಲ ಎತ್ತುಗಳು, ನೇರ ಹೋಗುವುದು ಬಿಟ್ಟು ಬೇರೆ ತಿಳಿಯದವು. ಒಂದು ಎತ್ತು ಹಡಗನ್ನು ನೆಟ್ಟಗೆ ಹೊಳೆಯವರೆಗೆ ಎಳೆದುಕೊಂಡು ಹೋಗಿ ನೀರಿನ ಅಂಚಿನಲ್ಲಿ ನಿಂತಿತಂತೆ. ನಾಗರಾಜಪ್ಪನವರೇ ದಿಮ್ಮಿ ಹಿಡಿದು ಸುತ್ತಿದರಂತೆ, ಎರಡು ಸುತ್ತಿಗೆ ಕೂತರಂತೆ. ಹೊಳೆಯ ಗಾಳಿ ತಣ್ಣಗೆ ಬೀಸುತ್ತಿದ್ದರೂ, ಹಡಗು ತಿರುಗದೆ ನಿದ್ದೆ ಬಾರದ ಮಗು ಮನೆ ಹಾರಿಹೋಗುವ ಹಾಗೆ ಅತ್ತಿತಂತೆ.

ಕೊಟ್ರಮ್ಮ ಇತ್ತ ಬಾವಿಕಟ್ಟೆಯಲ್ಲಿ ತಲೆಯೆತ್ತಿ ನೀರು ಸೇದಿದರು. ದಿನಾ ಸಂಜೆ ಹಿತ್ತಿಲಿಗೆ ಬಂದು ಬೆಳ್ಳನ ಮೈ ತಿಕ್ಕಿ, ಬೀದಿಯ ಕಡೆ ಒಂದು ಸಲ ನೋಡಿ ಒಳಗೆ ಹೋಗುವರು. ಹೆಣ್ಣುಮಕ್ಕಳು ತವರಿಗೆ ಬರುವ ದೀಪಾವಳಿ ಇನ್ನೂ ದೂರವಿತ್ತು. ಒಂದು ದಿನ ಬೀದಿಯಲ್ಲಿ ಬಂಡಿಯ ಸದ್ದಾಯಿತು. ಮುಂದಿನ ಬಂಡಿಯಲ್ಲಿ ಮಗು ಎತ್ತಿಕೊಂಡ ರುದ್ರಾಣಿ, ಹಿಂದಿನ ಬಂಡಿಯಲ್ಲಿ ಹಡಗು, ಹಡಗಿನ ಕಿಟಕಿಯಲ್ಲಿ ನಿರ್ಮಲಮ್ಮನವರು. ಅಜ್ಜಮ್ಮ ಗಂಟು ಹುಡುಕಿಕೊಂಡು ಓಡಿ ಬಂದಳು. ಮರುಳಪ್ಪನವರು ಜಗಲಿಯಲ್ಲಿ ಕೂತವರು, ಹೊನ್ನಾಳಿಯ ಹೊಳೆಯ ಗಾಳಿಗಿಂತ ನಮ್ಮೂರ ಗಾಳಿ ವಾಸಿ ಅಂತ ಮೊದಲೇ ಹೇಳಿರಲಿಲ್ಲವೇ ಎಂದು ನನ್ನ ಕಡೆ ತಿರುಗಿದರು.

ಕೊಟ್ರಮ್ಮ ಆರತಿ ತರಲು ಒಳಗೆ ಓಡಿದರು ಅಂದುಕೊಂಡೆ. ಇಲ್ಲ, ನಾನು ಗೋಡೆಯ ಬಳಿಗೆ ಹೋಗಿ ನೋಡಿದರೆ ಹಿತ್ತಿಲಿಗೆ ಬಂದಿದ್ದರು. ಬೆಳ್ಳನ ಕುತ್ತಿಗೆಗೆ ಮುಖ ಒತ್ತಿ, “ಬಂದ್ಲು ಕಣಪ್ಪ,” ಎಂದು ಅಳುತ್ತಿದ್ದರು, ನಗುತ್ತಲೂ ಇದ್ದರು. ಆಮೇಲೆ ಸೆರಗಿನೊಳಗಿಂದ ಮುಷ್ಟಿ ತುಂಬ ಹಿಂಡಿ ತೆಗೆದು ಅದರ ಬಾಯಿಗೆ ಹಿಡಿದರು. ಗಾಣದೆತ್ತು ಬೆಳ್ಳ ಒಂದು ಸುತ್ತೂ ತಿರುಗದೆ ಹಿಂಡಿ ತಿಂದದ್ದು ಅವತ್ತೊಂದು ದಿನ.